ಮೂರನೇ ಮಹಡಿಯ ರಕ್ತ

ಹನ್ನೊಂದನೆಯ ಕಂತು

"ನೂರ ಎಂಬತ್ತೊಂದು," ಎಂದಳು ಹೊಸ ಟೆಕ್ನಿಷಿಯನ್.

ಮೆಷಿನ್ನಿನಿಂದ ಬಂದ ಚೀಟಿಯನ್ನು ಹರಿದು ಇನ್ಸ್‌ಪೆಕ್ಟರಮ್ಮನ ಕೈಗಿಟ್ಟಳು. ಅವರು ಅದನ್ನು ಬೆಳಗಿನ ಚೀಟಿಯ ಪಕ್ಕದಲ್ಲಿಟ್ಟು ಮೇಜಿಗೆ ಒತ್ತಿ ಹಿಡಿದರು. ಎಂಟು ಗಂಟೆಯ ಚೀಟಿಯಲ್ಲಿ ಇನ್ನೂರ ಇಪ್ಪತ್ತನಾಲ್ಕು. ಹನ್ನೊಂದರ ಚೀಟಿಯಲ್ಲಿ ನೂರ ಎಂಬತ್ತೊಂದು.

ಎರಡೂ ಅವರದೇ ರಕ್ತ. ಒಂದೇ ತೋಳು, ಒಂದೇ ಸೂಜಿ, ಕೆಂಪು ಮುಚ್ಚಳದ ಎರಡು ಟ್ಯೂಬು. ಒಂದನ್ನು ಆಗಲೇ ಮೆಷಿನ್ನಿಗೆ ಕೊಟ್ಟಿದ್ದೆವು. ಇನ್ನೊಂದನ್ನು ಹಳೆ ಕಟ್ಟಡದ ಮೂರನೇ ಮಹಡಿಯಲ್ಲಿ, ಬಿಸಿಲು ಬೀಳುವ ಕಿಟಕಿಯ ಕಟ್ಟೆಯ ಮೇಲೆ, ಮೂರು ಗಂಟೆ ನಿಲ್ಲಿಸಿದ್ದೆವು.

"ಏನು ಯಜಮಾನರೇ ಇದು? ಮೂರು ಗಂಟೆ ಸುಮ್ನೆ ಕೂತ್ರೆ ಸಕ್ಕರೆ ಇಳಿಯುತ್ತೆ ಅಂತ ಗೊತ್ತಿದ್ರೆ, ಹತ್ತು ವರ್ಷದಿಂದ ನಾನ್ಯಾಕೆ ಮಾತ್ರೆ ನುಂಗ್ತಿದ್ದೆ?"

"ನೀವು ಕೂತ್ರೆ ಇಳಿಯಲ್ಲ ಮೇಡಂ. ಟ್ಯೂಬು ಕೂತ್ರೆ ಇಳಿಯುತ್ತೆ."

ಅವರು ನಕ್ಕರು. ನನಗೆ ನಗು ಬರಲಿಲ್ಲ.

ಟೈಲರ್ ಸತ್ತು ಇಪ್ಪತ್ತಾರು ದಿನ, ನನ್ನ ಮಗಳನ್ನು ಪೊಲೀಸರು ಕರೆದುಕೊಂಡು ಹೋಗಿ ಆರು ದಿನ; ಅಷ್ಟು ದಿನಗಳಲ್ಲಿ ಅವಳ ಪರವಾಗಿ ಸಿಕ್ಕಿದ್ದು ಈ ಎರಡು ಚೀಟಿ ಮಾತ್ರ.

ಮಗಳು ಈ ಲ್ಯಾಬಿನಲ್ಲೇ ಟೆಕ್ನಿಷಿಯನ್ ಆಗಿದ್ದವಳು. ದೊಡ್ಡ ಡಾಕ್ಟರು ಸಕ್ಕರೆ ಕಾಯಿಲೆಗೆ ಹೊಸ ಮಾತ್ರೆ ಕಂಡುಹಿಡಿದು, ಅದರ ಮೇಲೆ ಒಂಬತ್ತು ತಿಂಗಳು ಸಂಶೋಧನೆ ನಡೆಸಿದರು. ಪ್ರತಿ ಸೋಮವಾರ ರೋಗಿಗಳು ಖಾಲಿ ಹೊಟ್ಟೆಯಲ್ಲಿ ಬಂದು ರಕ್ತ ಕೊಡುತ್ತಿದ್ದರು. ಹಳೆ ಔಷಧಿ ತಗೊಳ್ಳುವವರು ಲ್ಯಾಬಿನ ಪಕ್ಕದ ಕೋಣೆಗೆ, ಹೊಸ ಮಾತ್ರೆಯವರು ರಸ್ತೆಯಾಚೆ ಹಳೆ ಕಟ್ಟಡದ ಮೂರನೇ ಮಹಡಿಗೆ. ಎರಡು ಕಡೆಯ ರಕ್ತವನ್ನೂ ಅಳೆದು ಬರೆದವಳು ನನ್ನ ಮಗಳು.

ಎರಡು ಕಡೆಯ ರಕ್ತವನ್ನೂ ಹೊತ್ತು ತಂದವನು ನಾನು. ಮೂವತ್ತನಾಲ್ಕು ವರ್ಷದಿಂದ ಇಲ್ಲಿ ಅಟೆಂಡರ್. ಆಸ್ಪತ್ರೆಯವರು ನನ್ನನ್ನು ಕರೆಯುವುದೇ ಟ್ರೇ ತಾತ ಎಂದು.

ಟೈಲರ್ ಮೂರನೇ ಮಹಡಿಯವನು. ಆ ಸೋಮವಾರ ಲ್ಯಾಬಿನ ಲೆಕ್ಕದಲ್ಲಿ ಅವನ ಸಕ್ಕರೆ ನೂರ ತೊಂಬತ್ತೆಂಟು. ಇನ್ನೂರರ ಕೆಳಗೆ ಬಂದವರಿಗೆ ಇನ್ಸುಲಿನ್ ನಿಲ್ಲಿಸಿ, ಮಾತ್ರೆ ಒಂದರಲ್ಲೇ ಇಡಬೇಕೆಂಬುದು ಸಂಶೋಧನೆಯ ನಿಯಮ. ನಿಲ್ಲಿಸಿದರು. ಸಕ್ಕರೆ ಮಿತಿಮೀರಿ ಏರಿ, ಶುಕ್ರವಾರ ಮನೆಯಲ್ಲಿ ಹೊಲಿಗೆ ಮೆಷಿನ್ನಿನ ಮೇಲೆ ತಲೆಯಿಟ್ಟವನು ಏಳಲಿಲ್ಲ.

ಆಮೇಲೆ ಮೇಲಿನ ನರ್ಸಮ್ಮನ ಪುಸ್ತಕ ಹೊರಗೆ ಬಂತು. ಹಸಿದು ಬಂದವರು ತಲೆ ಸುತ್ತಿ ಬೀಳಬಾರದೆಂದು ಆಕೆ ಎಲ್ಲರ ಬೆರಳನ್ನೂ ಚುಚ್ಚಿ ನೋಡುತ್ತಿದ್ದಳು. ಅವತ್ತು ಟೈಲರ್ ಹೆಸರಿನ ಮುಂದೆ ಆಕೆ ಬರೆದಿದ್ದು ಇನ್ನೂರ ನಲವತ್ತೆಂಟು. ಅವನೊಬ್ಬನದಲ್ಲ, ಮೂರನೇ ಮಹಡಿಯ ಎಲ್ಲರದೂ ಬೆರಳಿನಲ್ಲಿ ಹೆಚ್ಚು, ಲ್ಯಾಬಿನಲ್ಲಿ ಕಡಿಮೆ. ಲ್ಯಾಬಿನ ಪಕ್ಕದ ಕೋಣೆಯಲ್ಲೂ ಬೆರಳು ಚುಚ್ಚುತ್ತಿದ್ದರು; ಆ ಕೆಳಗಿನವರದು ಮಾತ್ರ ಎರಡೂ ಹೆಚ್ಚುಕಡಿಮೆ ಸಮ.

ಮಾತ್ರೆ ಗೆದ್ದಂತೆ ಕಾಣಲೆಂದು ಮಗಳು ಅಂಕಿ ತಿದ್ದಿದ್ದಾಳೆ, ದೊಡ್ಡ ಡಾಕ್ಟರು ಮೆಚ್ಚಿ ಅವಳ ಕೆಲಸ ಖಾಯಂ ಮಾಡಲಿ ಎಂಬ ಆಸೆಗೆ. ಎಲ್ಲರೂ ಹಾಗೆಂದರು. ಮೊದಲು ಹಾಗೆಂದವರು ದೊಡ್ಡ ಡಾಕ್ಟರೇ.

"ಇದು ನಿಮಗೆ ಹೇಗೆ ಹೊಳೀತು?" ಇನ್ಸ್‌ಪೆಕ್ಟರಮ್ಮ ತೋಳಿನ ಹತ್ತಿಯನ್ನು ಕಿತ್ತು ಬುಟ್ಟಿಗೆ ಎಸೆದರು. "ನಿನ್ನೆ ಸ್ಟೇಷನ್ ಬೆಂಚಿನ ಮೇಲೆ ಕೂತವರು ಇದ್ದಕ್ಕಿದ್ದ ಹಾಗೆ ಎದ್ದು ಬಂದ್ರಿ."

"ನೆನಪಾಯ್ತು ಮೇಡಂ. ನಾನು ಕೆಲಸಕ್ಕೆ ಸೇರಿದಾಗ ಒಬ್ರು ಮುದುಕ ಟೆಕ್ನಿಷಿಯನ್ ಇದ್ರು. ನಾನೆಲ್ಲಾದ್ರೂ ಮಾತಾಡ್ತಾ ನಿಂತ್ರೆ ಬೈಯೋರು. 'ಲೋ, ಸಕ್ಕರೆ ಟ್ಯೂಬು ಕಾಯಲ್ಲ ಕಣೋ, ರಕ್ತ ಬದುಕಿರುತ್ತೆ, ಒಳಗೇ ಕೂತು ಸಕ್ಕರೆ ತಿಂದ್ಬಿಡುತ್ತೆ, ಓಡು' ಅನ್ನೋರು. ನಾನು ಓಡ್ತಿದ್ದೆ."

"ಆಮೇಲೆ?"

"ಬೂದಿ ಬಣ್ಣದ ಮುಚ್ಚಳ ಬಂತು. ಅದರೊಳಗೆ ಒಂದು ಪುಡಿ ಹಾಕಿರ್ತಾರೆ, ಸಕ್ಕರೆ ತಿನ್ನೋದನ್ನ ತಡೆಯುತ್ತೆ. ಆಮೇಲೆ ಯಾರೂ ಬೈಯಲಿಲ್ಲ, ಯಾರೂ ಓಡಲಿಲ್ಲ. ಇಪ್ಪತ್ತೈದು ವರ್ಷ ಆರಾಮಾಗಿ ನಡ್ಕೊಂಡೇ ಬಂದೆ."

"ಈಗಿರೋದು ಕೆಂಪು ಮುಚ್ಚಳ ಅಲ್ವಾ?"

"ಸಂಶೋಧನೆ ಶುರುವಾದ ಎರಡನೇ ವಾರ ಬೂದಿ ಮುಗೀತು. ಸ್ಟೋರಿನವರು ಕೆಂಪು ಕೊಟ್ರು. ಅದರಲ್ಲಿ ಪುಡಿ ಇಲ್ಲ. ಓಡ್ಬೇಕು ಅಂತ ಯಾರಿಗೂ ನೆನಪಾಗಲಿಲ್ಲ ಮೇಡಂ. ನನಗೂ ಆಗಲಿಲ್ಲ. ನಿನ್ನೆ ಆಯ್ತು."

ನನಗೆ ಓದು ಬರುವುದು ಮೂರನೇ ಕ್ಲಾಸಿನಷ್ಟು. ನೆನಪು ಮಾತ್ರ ಚೆನ್ನಾಗಿದೆ ಎಂದು ಜನ ಹೊಗಳುತ್ತಾರೆ. ಒಂಬತ್ತು ತಿಂಗಳು ತಡವಾಗಿ ಬಂದ ನೆನಪನ್ನು ಹೊಗಳಿ ಏನು ಉಪಯೋಗ?

ಇನ್ಸ್‌ಪೆಕ್ಟರಮ್ಮ ನನ್ನನ್ನೇ ನೋಡಿದರು. "ಕೆಳಗಿನ ರಕ್ತ ಎಷ್ಟು ಹೊತ್ತಿಗೆ ತರ್ತಿದ್ರಿ?"

"ಎಂಟಕ್ಕೆ ತೆಗೀತಾರೆ. ಎಂಟೂಕಾಲಿಗೆ ಲ್ಯಾಬಿಗೆ."

"ಮೇಲಿನದು?"

"ಅದೂ ಎಂಟಕ್ಕೇ ತೆಗೀತಾರೆ. ತರ್ತಿದ್ದಿದ್ದು ಹನ್ನೊಂದಕ್ಕೆ."

"ಮೂರು ಗಂಟೆ!"

"ಲಿಫ್ಟು ಹೋದ ವರ್ಷದಿಂದ ಕೆಟ್ಟು ನಿಂತಿದೆ. ಅರವತ್ತಾರು ಮೆಟ್ಟಿಲು. ನನ್ನ ಮೊಣಕಾಲು ಹೋಗಿದೆ. ಸೋಮವಾರ ಎರಡೂ ಕಟ್ಟಡಕ್ಕೆ ರಿಪೋರ್ಟು ಹಂಚೋದೂ ನಾನೇ. ಹಂಚ್ತಾ ಹೋಗಿ, ಕೊನೆಗೆ ಒಂದೇ ಸಲ ಮೇಲೆ ಹತ್ತಿ ಟ್ರೇ ಇಳಿಸ್ಕೊಂಡು ಬರ್ತಿದ್ದೆ."

ಅವರು ಎರಡು ಚೀಟಿಗಳನ್ನೂ ಮತ್ತೊಮ್ಮೆ ನೋಡಿದರು. ಮಾತ್ರೆ ಯಾರ ಸಕ್ಕರೆಯನ್ನೂ ಇಳಿಸಿರಲಿಲ್ಲ. ಸಕ್ಕರೆ ಇಳಿದಿದ್ದು ಮೈಯಲ್ಲಲ್ಲ, ಕಿಟಕಿಯ ಕಟ್ಟೆಯ ಮೇಲಿದ್ದ ಗಾಜಿನಲ್ಲಿ. ಇಳಿಸಿದ್ದು ನನ್ನ ಮೊಣಕಾಲು.

"ಯಜಮಾನರೇ, ಇದನ್ನ ಹೇಳಿದ್ರೆ ನಿಮ್ಮ ಮೇಲೆ ಬರುತ್ತೆ."

"ಬರಲಿ ಅಂತಲೇ ನಿಮ್ಮ ರಕ್ತ ತೆಗೆಸಿದ್ದು ಮೇಡಂ. ಅವಳನ್ನ ಬಿಟ್ಟುಬಿಡಿ."

ಮೆಟ್ಟಿಲು ಹತ್ತುವಾಗ ಅವರು ಮತ್ತೆ ಕೇಳಿದರು. ದೊಡ್ಡ ಡಾಕ್ಟರ ಕೋಣೆ ಲ್ಯಾಬಿನ ನೆತ್ತಿಯ ಮೇಲೇ ಇದೆ.

"ಮೇಲಿನ ನರ್ಸು ನೋಡಿರ್ತಾರಲ್ಲ, ನೀವು ಹನ್ನೊಂದಕ್ಕೆ ಬರೋದನ್ನ?"

"ಅವರು ಒಂಬತ್ತಕ್ಕೆ ಬೀಗ ಹಾಕಿ ಬೇರೆ ಕೆಲಸಕ್ಕೆ ಹೋಗ್ತಾರೆ. ಇನ್ನೊಂದು ಕೀ ನನ್ನ ಹತ್ರ ಇರುತ್ತೆ."

"ಮತ್ತೆ ನೋಡಿದವರು ಯಾರೂ ಇಲ್ವಾ?"

"ಒಬ್ಬ ಇದ್ದ. ಟೈಲರ್."

ಅವನಿಗೆ ಕಾಲು ಉರಿ. ಇಳಿಯಲು ಜೊತೆಗೆ ಜನ ಬೇಕೆಂದು ಹೊರಗಿನ ಬೆಂಚಿನಲ್ಲಿ ನನಗಾಗಿ ಕಾಯುತ್ತಿದ್ದ. ನನ್ನ ತಲೆ ಕಂಡ ಕೂಡಲೇ ಕೂಗುತ್ತಿದ್ದ, "ಬಂತಪ್ಪಾ ಮೊಣಕಾಲು! ಹಿಂದೆ ಮನುಷ್ಯ ಯಾವಾಗ ಬರ್ತಾನೆ?" ಇಬ್ಬರೂ ಒಂದೊಂದು ಮೆಟ್ಟಿಲಿಗೆ ನಿಂತು ಇಳಿಯುತ್ತಿದ್ದೆವು. ಟ್ರೇಯಲ್ಲಿ ಅವನ ರಕ್ತವೂ ನಮ್ಮ ಜೊತೆ ಇಳಿಯುತ್ತಿತ್ತು. "ಅದಕ್ಕೇನು ಅವಸರ, ಅದಕ್ಕೇನು ಕಾಲು ನೋವಾ?" ಎನ್ನುತ್ತಿದ್ದ.

ಇನ್ಸ್‌ಪೆಕ್ಟರಮ್ಮ ಫೋನು ತೆಗೆದು ಸ್ಟೇಷನ್ನಿಗೆ ಮಾತಾಡಿದರು. "ಆ ಹುಡುಗೀನ ಇಲ್ಲಿಗೇ ಕರ್ಕೊಂಡು ಬನ್ನಿ. ಅವರಪ್ಪನ ಬಾಯಿಂದಲೇ ಕೇಳಲಿ." ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಆರು ದಿನದಿಂದ ಊಟ ಸರಿಯಾಗಿ ಮಾಡಿಲ್ಲ ಅವಳು," ಎಂದರು.

ದೊಡ್ಡ ಡಾಕ್ಟರು ಬಾಗಿಲಿಗೇ ಬಂದರು.

"ಬನ್ನಿ ಮೇಡಂ. ಓಹೋ, ಟ್ರೇ ತಾತ! ಕೂತ್ಕೋ ಕೂತ್ಕೋ."

ಮೂವತ್ತನಾಲ್ಕು ವರ್ಷದಲ್ಲಿ ಆ ಕೋಣೆಯಲ್ಲಿ ನನಗೆ ಕುರ್ಚಿ ತೋರಿಸಿದ್ದು ಅದೇ ಮೊದಲು. ನಾನು ನಿಂತೇ ಇದ್ದೆ.

ಗೋಡೆಯ ಮೇಲೆ, ಸಂಶೋಧನೆಯ ಮೊದಲ ಕೆಲವು ತಿಂಗಳ ಅಂಕಿಗಳಿಂದ ಬರೆದ ಅವರ ಲೇಖನದ ಮೊದಲ ಪುಟಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದರು. ಇನ್ಸ್‌ಪೆಕ್ಟರಮ್ಮ ಚೀಲದಿಂದ ಅದೇ ಲೇಖನದ ಪೂರ್ತಿ ಪ್ರತಿ ತೆಗೆದರು. ಅಂಚಿನಲ್ಲೆಲ್ಲ ಪೆನ್ಸಿಲ್ ಗೀಟು.

"ಎರಡು ಸಲ ಓದಿದೆ ಡಾಕ್ಟ್ರೇ. ಹದಿನಾಲ್ಕು ಪುಟ. ಮಾತ್ರೆ ಬಗ್ಗೆ ಮೂರು ಪುಟ, ರೋಗಿಗಳ ವಯಸ್ಸು ತೂಕ ಎಲ್ಲ ಎರಡು ಪುಟ. ರಕ್ತ ಹೇಗೆ ಅಳೆದ್ರಿ ಅನ್ನೋದಕ್ಕೆ ಒಂದೇ ಸಾಲು. 'ರಕ್ತದ ಸಕ್ಕರೆಯನ್ನು ವಾಡಿಕೆಯ ವಿಧಾನದಲ್ಲಿ ಅಳೆಯಲಾಯಿತು.'"

"ಹೌದು. ಅಷ್ಟು ಸಾಕು."

"ವಾಡಿಕೆ ಅಂದ್ರೆ?"

"ಎಲ್ಲರೂ ಮಾಡೋ ಹಾಗೆ."

"ಯಾವ ಟ್ಯೂಬು? ಎಷ್ಟು ಹೊತ್ತಿಗೆ ಅಳೆದ್ರಿ? ಅಲ್ಲೀವರೆಗೆ ಟ್ಯೂಬು ಎಲ್ಲಿತ್ತು? ಬಿಸಿಲಲ್ಲೋ, ತಣ್ಣಗಿರೋ ಕಡೆಯೋ?"

"ಇದನ್ನೆಲ್ಲ ಯಾರೂ ಬರೆಯಲ್ಲ ಮೇಡಂ. ಅಡುಗೆ ಚೆನ್ನಾಗಿದ್ರೆ ಪಾತ್ರೆ ಯಾವುದು ಅಂತ ಕೇಳ್ತಾರಾ?"

"ಉಂಡವರು ಸತ್ರೆ ಮೊದಲು ಪಾತ್ರೆಯನ್ನೇ ಕೇಳೋದು ಡಾಕ್ಟ್ರೇ. ಚಾಕು ಸಿಕ್ಕಿತು ಅಂತ ಒಂದೇ ಸಾಲು ಬರೆದು ಕೋರ್ಟಿಗೆ ಹೋದ್ರೆ ನನ್ನನ್ನ ಅಲ್ಲಿಂದ ಓಡಿಸ್ತಾರೆ. ಎಲ್ಲಿ ಸಿಕ್ತು, ಎಷ್ಟು ಗಂಟೆಗೆ, ಯಾರು ಎತ್ತಿದ್ರು, ಯಾವುದರಲ್ಲಿ ಸುತ್ತಿದ್ರು, ಎಲ್ಲ ಬೇಕು. ನನಗಿಲ್ಲದ ರಿಯಾಯಿತಿ ನಿಮಗೆ ಯಾರು ಕೊಟ್ರು?"

ಡಾಕ್ಟರು ನಕ್ಕರು. ಅದು ಕೆಟ್ಟ ನಗುವಲ್ಲ. ನಿಜವಾಗಿಯೂ ಅವರಿಗೆ ಈ ಪ್ರಶ್ನೆ ಎಂದೂ ಬಂದಿರಲಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು. ಅದನ್ನು ನೋಡಿ ನನಗೆ ಹೆಚ್ಚು ಭಯವಾಯಿತು.

ಇನ್ಸ್‌ಪೆಕ್ಟರಮ್ಮ ಇನ್ನೊಂದು ಹಾಳೆಯನ್ನು ಮೇಜಿನ ಮೇಲಿಟ್ಟರು. ಕೈಬರಹ. ಹಾಳೆಯ ಮೂಲೆಯಿಂದ ಮೂಲೆಗೆ ಕೆಂಪು ಪೆನ್ನಿನ ಅಡ್ಡಗೀಟು.

ಮಗಳ ಅಕ್ಷರ. ನನಗೆ ಓದಲು ಹೊತ್ತು ಹಿಡಿಯುತ್ತದೆ, ಆದರೆ ಅವಳ ಅಕ್ಷರ ನೋಡಿದರೆ ಗೊತ್ತಾಗುತ್ತದೆ. ಅವಳು ಸ್ಲೇಟಿನ ಮೇಲೆ ತೀಡುವಾಗ ಎದುರು ಕೂತಿದ್ದವನು ನಾನೇ.

"ಇದು ಅವಳ ಮೇಜಿನ ಡ್ರಾಯರಿನಲ್ಲಿ ಬೆಳಗ್ಗೆ ಸಿಕ್ತು. ರಕ್ತ ಅಳೆದ ರೀತಿಯನ್ನ ಒಂದು ಪುಟ ಬರೆದು ನಿಮಗೆ ಕೊಟ್ಟಿದ್ದಾಳೆ. ಮೆಷಿನ್ನಿನ ಹೆಸರು, ದಿನಾ ಅದನ್ನ ಸರಿ ನೋಡಿದ ಕ್ರಮ, ಬೂದಿ ಮುಚ್ಚಳ ಮುಗಿದು ಕೆಂಪು ಬಂದ ತಾರೀಕು. ಎಲ್ಲ ಇದೆ. ಕೆಂಪು ಗೀಟು ನಿಮ್ಮದಾ?"

"ನನ್ನದೇ. ಉದ್ದ ಆಯ್ತು, ತೆಗೆದೆ. ಟ್ಯೂಬಿನ ಮುಚ್ಚಳದ ಬಣ್ಣ ಓದೋಕೆ ಯಾರಿಗೆ ಪುರುಸೊತ್ತು?"

"ಇಲ್ಲೊಂದು ಸಾಲು ನೋಡಿ. 'ರಕ್ತ ತೆಗೆದ ಮೇಲೆ ಲ್ಯಾಬಿಗೆ ತಲುಪಲು ಹಿಡಿದ ಸಮಯ'. ಮುಂದೆ ಖಾಲಿ ಬಿಟ್ಟಿದ್ದಾಳೆ. ಎಲ್ಲ ತುಂಬಿದವಳು ಅದೊಂದನ್ನ ಯಾಕೆ ಖಾಲಿ ಬಿಟ್ಳು ಅಂತ ನೀವು ಕೇಳಲಿಲ್ವಾ?"

"ಅಡ್ಡಗೀಟು ಹಾಕೋ ಹಾಳೇಲಿ ಖಾಲಿ ಯಾವುದು ತುಂಬಿದ್ದು ಯಾವುದು ಅಂತ ಯಾರು ನೋಡ್ತಾರೆ?"

ಆಗ ಇನ್ಸ್‌ಪೆಕ್ಟರಮ್ಮ ಎರಡು ಚೀಟಿಗಳನ್ನು ಅವರ ಮುಂದಿಟ್ಟು ಎಲ್ಲವನ್ನೂ ಹೇಳಿದರು. ತಮ್ಮ ತೋಳು, ಎರಡು ಟ್ಯೂಬು, ಕಿಟಕಿ, ಮೂರು ಗಂಟೆ. ಆಮೇಲೆ ನನ್ನ ಕಡೆ ನೋಡಿದರು. ನಾನು ಹೇಳಿದೆ. ಅರವತ್ತಾರು ಮೆಟ್ಟಿಲು, ರಿಪೋರ್ಟು ಹಂಚುವುದು, ಹನ್ನೊಂದು ಗಂಟೆ. ನಾಲಿಗೆ ತಡವರಿಸಲಿಲ್ಲ. ಹೇಳಿ ಮುಗಿಸಿದಾಗ ಎದೆಯ ಮೇಲಿಂದ ಏನೋ ಇಳಿದ ಹಾಗಾಯಿತು. ಆರು ದಿನದಲ್ಲಿ ಆ ಒಂದು ಗಳಿಗೆ ನಾನು ನೆಟ್ಟಗೆ ಉಸಿರಾಡಿದೆ.

ಡಾಕ್ಟರು ಚೀಟಿಗಳನ್ನು ಎತ್ತಿ ನೋಡಿದರು. ಅವರ ಮುಖದ ಬಣ್ಣ ಬದಲಾಗಿದ್ದನ್ನು ನಾನು ಕಂಡೆ. ಗೋಡೆಯ ಮೇಲಿನ ಕಟ್ಟು ಹಾಕಿದ ಪುಟದತ್ತ ಒಮ್ಮೆ ನೋಡಿದರು. ಸುಮ್ಮನೆ ಎದ್ದು ಬೀರು ತೆಗೆದು, ನೀಲಿ ರಟ್ಟಿನ ದಪ್ಪ ಪುಸ್ತಕವೊಂದನ್ನು ತಂದು ಬಿಚ್ಚಿಟ್ಟರು.

"ಲ್ಯಾಬಿಗೆ ಯಾವ ಟ್ರೇ ಎಷ್ಟು ಹೊತ್ತಿಗೆ ಬಂತು ಅಂತ ಬರೆಯೋ ಪುಸ್ತಕ ಮೇಡಂ. ಒಂಬತ್ತು ತಿಂಗಳ ಸೋಮವಾರಗಳು. ಮೂರನೇ ಮಹಡಿಯ ಸಾಲು ಓದಿ."

ಇನ್ಸ್‌ಪೆಕ್ಟರಮ್ಮ ಬೆರಳಿಟ್ಟು ಓದಿದರು. "ಎಂಟೂವರೆ." ಹಾಳೆ ತಿರುವಿದರು. "ಎಂಟೂವರೆ. ಎಂಟೂವರೆ. ಎಂಟೂವರೆ." ಧ್ವನಿ ಸಣ್ಣದಾಗುತ್ತ ಹೋಯಿತು.

"ಟ್ರೇ ಅರ್ಧ ಗಂಟೆಯಲ್ಲಿ ಬಂದಿದೆ. ಪುಸ್ತಕ ಹೇಳ್ತಿದೆ. ನಿಮ್ಮ ಕಿಟಕಿ ಆಟ ಚೆನ್ನಾಗಿದೆ, ಆದರೆ ಇಲ್ಲಿ ನಡೆದಿದ್ದು ಅದಲ್ಲ."

"ಪುಸ್ತಕ ಸುಳ್ಳು ಸ್ವಾಮಿ," ಎಂದೆ. ನನ್ನ ಧ್ವನಿ ನನಗೇ ದೂರದಲ್ಲಿ ಕೇಳಿಸಿತು.

"ಸುಳ್ಳಾ? ಸರಿ. ಬರೆದವರು ಯಾರಯ್ಯಾ?"

ನಾನು ನೀಲಿ ಪುಸ್ತಕವನ್ನೇ ನೋಡಿದೆ.

"ನಾನೇ ಹೇಳ್ತೀನಿ ಬಿಡು. ಬರೆದವಳು ನಿನ್ನ ಮಗಳು. ಮೇಡಂ, ಟ್ರೇ ಎಂಟೂವರೆಗೆ ಬಂದಿದ್ರೆ ಸಕ್ಕರೆ ಟ್ಯೂಬಿನಲ್ಲಿ ಇಳಿದಿಲ್ಲ, ಅವಳ ಕೈಯಲ್ಲಿ ಇಳಿದಿದೆ. ಹನ್ನೊಂದಕ್ಕೆ ಬಂದಿದ್ರೆ ಒಂಬತ್ತು ತಿಂಗಳು ಅವಳು ಸುಳ್ಳು ಸಮಯ ಬರೆದಿದ್ದಾಳೆ. ಸಮಯ ಸುಳ್ಳು ಬರೆದ ಕೈ ಸಕ್ಕರೆ ಸುಳ್ಳು ಬರೆಯಲ್ಲ ಅಂತ ಯಾವ ಕೋರ್ಟಿನಲ್ಲಿ ಹೇಳ್ತೀರಿ? ಸಾಕ್ಷಿಗೆ ಇವನೊಬ್ಬ, ಹೆತ್ತ ತಂದೆ."



"ಯಜಮಾನರೇ," ಇನ್ಸ್‌ಪೆಕ್ಟರಮ್ಮ ಕೇಳಿದರು. ನನ್ನ ಮುಖ ನೋಡಲಿಲ್ಲ. "ಅವಳು ಯಾಕೆ ಹೀಗೆ ಬರೆದ್ಳು?"

ನನಗೆ ಗೊತ್ತಿತ್ತು. ಸಂಶೋಧನೆ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ಆಫೀಸಿನಿಂದ ನನಗೊಂದು ನೋಟೀಸು ಬಂದಿತ್ತು. ಟ್ರೇ ಇನ್ನೊಮ್ಮೆ ತಡವಾದರೆ ಮನೆಗೆ ಹೋಗಬಹುದು ಎಂದು. ಅದನ್ನು ಓದಿ ಹೇಳಿದವಳೂ ಅವಳೇ. ಅವತ್ತು ಸಂಜೆ ಒಲೆಯ ಮುಂದೆ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ನಾನು ಅಂದಿದ್ದೆ, "ಟೈಮು ಸ್ವಲ್ಪ ನೋಡಿ ಹಾಕು ಪುಟ್ಟಿ. ನಾನು ಸರಿ ಹೋಗೋವರೆಗೆ." ಅವಳು ಹೂಂ ಎಂದಿರಲಿಲ್ಲ, ಉಹೂಂ ಎಂದೂ ಅಂದಿರಲಿಲ್ಲ. ಸಾರು ಕಲಕುತ್ತಿದ್ದಳು.

ಒಂದೆರಡು ವಾರದ ಮಾತೆಂದುಕೊಂಡಿದ್ದೆ. ಮೊಣಕಾಲು ಸರಿ ಹೋಗಲಿಲ್ಲ. ನಾನು ಮರೆತೆ. ಅವಳು ಮರೆತಿರಲಿಲ್ಲ. ಒಂಬತ್ತು ತಿಂಗಳು ನನಗಾಗಿ ಆ ಪುಸ್ತಕದಲ್ಲಿ ಸುಳ್ಳು ಬರೆದಳು. ಅಚ್ಚಿಗೆ ಹೋಗುವ ಹಾಳೆಯಲ್ಲಿ ಮಾತ್ರ ಬರೆಯಲಾರದೆ ಖಾಲಿ ಬಿಟ್ಟಳು.

"ನಾನು ಹೇಳಿದ್ದಕ್ಕೆ ಮೇಡಂ. ನಾನೇ ಬರೆಸಿದ್ದು. ತಪ್ಪು ನಂದು, ಎರಡೂ ತಪ್ಪು ನಂದೇ."

"ಬರೆಸಿದ್ದು ನೀನು, ಬರೆದಿದ್ದು ಅವಳು," ಎಂದರು ಡಾಕ್ಟರು. "ಇಬ್ಬರೂ ಒಳಗೆ ಹೋಗ್ತೀರಿ ಅಷ್ಟೇ."

ಬಾಗಿಲು ತಟ್ಟಿದ ಸದ್ದಾಯಿತು.

ಹೆಣ್ಣು ಪೇದೆ ಮೊದಲು ಬಂದಳು. ಹಿಂದೆ ನನ್ನ ಮಗಳು. ಆರು ದಿನದಲ್ಲಿ ಅವಳ ಕುತ್ತಿಗೆಯ ಮೂಳೆ ಎದ್ದು ಕಾಣುತ್ತಿತ್ತು. ಕೂದಲು ಬಾಚಿರಲಿಲ್ಲ. ನನ್ನನ್ನು ನೋಡಿದಳು, ಮೇಜಿನ ಮೇಲೆ ಬಿಚ್ಚಿಟ್ಟ ನೀಲಿ ಪುಸ್ತಕ ನೋಡಿದಳು, ಗೀಟು ಹಾಕಿದ ಹಾಳೆ ನೋಡಿದಳು, ಎರಡು ಚೀಟಿ ನೋಡಿದಳು. ಲ್ಯಾಬಿನಲ್ಲಿ ಅಂಕಿ ನೋಡುವಾಗ ಹುಬ್ಬು ಗಂಟಿಕ್ಕುವ ಹಾಗೆ ಗಂಟಿಕ್ಕಿದಳು. ಅಲ್ಲಿಗೆ ಅವಳಿಗೆ ಎಲ್ಲ ತಿಳಿಯಿತು.

"ಕೂತ್ಕೋಮ್ಮಾ," ಎಂದರು ಇನ್ಸ್‌ಪೆಕ್ಟರಮ್ಮ. "ನಿಮ್ಮಪ್ಪ ಎಲ್ಲ ಹೇಳಿದ್ದಾರೆ. ಟ್ರೇ ಹನ್ನೊಂದಕ್ಕೆ ಬರ್ತಿತ್ತು, ನೀನು ಎಂಟೂವರೆ ಅಂತ ಬರೀತಿದ್ದೆ. ಹೌದು ಅನ್ನು. ಕೊಲೆ ಮಾತು ಬಿಟ್ಟು ಹೋಗುತ್ತೆ. ಸುಳ್ಳು ಬರೆದಿದ್ದಕ್ಕೆ ಏನಾಗುತ್ತೋ ನೋಡೋಣ."

"ಟೈಲರ್ ಸತ್ತಿದ್ದು ಯಾರಿಂದ ಅಂತ ಆಗುತ್ತೆ ಮೇಡಂ, ಆವಾಗ?"

ಇನ್ಸ್‌ಪೆಕ್ಟರಮ್ಮ ನನ್ನ ಕಡೆ ನೋಡಿದರು.

"ಪುಟ್ಟಿ, ನಾನು ಮುದುಕ. ನನಗೇನಾದ್ರೂ ಆಗಲಿ. ನಿಜ ಹೇಳಮ್ಮಾ."

"ನಿನಗೇನು ಗೊತ್ತಪ್ಪಾ ನಿಜ?" ಎಂದಳು. ಚಿಕ್ಕಂದಿನಲ್ಲಿ ನನ್ನ ಮಗ್ಗಿ ತಪ್ಪಿದಾಗ ಗದರುತ್ತಿದ್ದ ಅದೇ ದನಿ. "ನಿನಗೆ ಗಡಿಯಾರ ನೋಡೋಕೂ ಸರಿಯಾಗಿ ಬರಲ್ಲ."

"ಬರುತ್ತೆ! ಮೇಡಂ, ನನಗೆ ಬರುತ್ತೆ, ಕೇಳಿ ಬೇಕಾದ್ರೆ..."

"ಅಪ್ಪ ಯಾವತ್ತೂ ತಡ ಮಾಡಿಲ್ಲ ಮೇಡಂ." ಅವಳು ಕೂರಲಿಲ್ಲ. ಪುಸ್ತಕದ ಮೇಲೆ ಅಂಗೈ ಊರಿ ನಿಂತಳು. "ಟ್ರೇ ಎಂಟೂವರೆಗೇ ಬರ್ತಿತ್ತು. ಪುಸ್ತಕ ಸರಿ ಇದೆ. ಸಕ್ಕರೆ ಅಂಕಿ ನಾನೇ ತಿದ್ದಿದ್ದು. ಎಲ್ಲಿ ಸೈನ್ ಮಾಡ್ಬೇಕು ಹೇಳಿ."

"ಹುಡುಗೀ, ಯೋಚನೆ ಮಾಡು," ಇನ್ಸ್‌ಪೆಕ್ಟರಮ್ಮ ಎದ್ದೇ ನಿಂತರು. "ಒಂದು ಸಲ ಬರೆದುಕೊಟ್ರೆ ನನ್ನ ಕೈಯಲ್ಲೂ ಏನೂ ಉಳಿಯಲ್ಲ."

"ಯೋಚನೆ ಮಾಡೋಕೆ ಆರು ದಿನ ಕೊಟ್ಟಿದ್ರಲ್ಲ ಮೇಡಂ."

ನಾನು ಅವಳ ಕೈ ಹಿಡಿಯಲು ಹೋದೆ. ಮೊಣಕಾಲು ಮಡಿಸಿಕೊಂಡಿತು. ಪೇದೆ ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದಳು.

ದೊಡ್ಡ ಡಾಕ್ಟರು ಖಾನೆಯಿಂದ ಒಂದು ಬಿಳಿ ಹಾಳೆ ತೆಗೆದು ಅವಳ ಮುಂದೆ ಸರಿಸಿದರು. ತಮ್ಮ ಜೇಬಿನ ಪೆನ್ನನ್ನೂ ಕೊಟ್ಟರು.

"ಪೂರ್ತಿಯಾಗಿ ಬರಿಯಮ್ಮಾ," ಎಂದರು. "ಯಾವ ದಿನ, ಎಷ್ಟನ್ನ ಎಷ್ಟು ಮಾಡಿದೆ, ಎಲ್ಲ. ಒಂದೂ ಬಿಡಬೇಡ."

ಅವಳು ಪೆನ್ನು ತೆಗೆದುಕೊಂಡಳು.